ಇನ್ನೊಂದು ಮನೆ ಬಾಕಿ ಇದ್ದಾಗ

ಇಂದ್ರವ್ವನ ಮನೆ ನಮ್ಮ ಮನೆಯ ಎದುರಿಗೆ ಬಂದು ನಿಲ್ಲಲು ಇನ್ನೊಂದೇ ಮನೆ ಬಾಕಿ ಇದ್ದಾಗ ನಮ್ಮೂರಿನ ಸೀಳು ನಿಂತುಬಿಟ್ಟಿತು. ನಾನು ಸಣ್ಣವನಿದ್ದಾಗಿನಿಂದ ಒಂದೇ ಸಮನೆ ಸರಿಯುತ್ತಿದ್ದದ್ದು ನನ್ನ ಪಾಲಿನ ಹೊತ್ತಿಗೇ ಹಟ ಹಿಡಿದು ಕೂತಿತು. ನನ್ನ ಅವ್ವ ಸಂಕವ್ವ ಹಣೆ ಹಣೆ ಬಡಿದುಕೊಂಡಳು. ನಾನು ಮಗ್ಗದಲ್ಲಿ ಕೂತು ಕಂಬಳಿ ನೇಯುತ್ತಲೇ ಇದ್ದೆ. ಕೂತು ನೇಯುವುದು ಬಿಟ್ಟರೆ ನನಗೆ ಬೇರೇನೂ ಬರುತ್ತಿರಲಿಲ್ಲ.

ನಮ್ಮೂರು ಇರುವುದು ಮಂಜುಗಡ್ಡೆಯ ಮೇಲೆ. ಅಗೆದಷ್ಟೂ ಗಡ್ಡೆ, ಅದರ ಕೆಳಗೆ ಎಷ್ಟೋ ಆಳದಲ್ಲಿ ನೀರು. ತಲೆಯ ಮೇಲೆ ದೊಡ್ಡಪ್ಪ. ಕೆಂಪು ಹಳದಿ ಪಟ್ಟೆಯ ಧೋತರ ಉಟ್ಟವನಂತೆ ಆಕಾಶ ತುಂಬಿಕೊಂಡು ಒಂದೇ ಜಾಗದಲ್ಲಿ ತೂಗಿಕೊಂಡಿರುವ ಆ ಗೋಳವನ್ನು ನಾವು ಕರೆಯುವುದೇ ಹಾಗೆ. ಬೇರೆ ಊರುಗಳಿಗೆ ಚಂದ್ರ ಇರುತ್ತಾನಂತೆ. ನಮಗೆ ಅಂಥವನು ಯಾರೂ ಇಲ್ಲ, ನಾವೇ ದೊಡ್ಡಪ್ಪನ ಚಂದ್ರ. ಅವನ ಸುತ್ತ ತಿರುಗುತ್ತ ಹತ್ತಿರ ಹೋದಾಗ ಅವನು ತುಸು ದೊಡ್ಡದಾಗಿ ಕಾಣುತ್ತಾನೆ, ಆಗ ಊರ ನಡುವಿನ ಸೀಳು ಕಿರಗುಟ್ಟುತ್ತ ಬಾಯಿ ಬಿಡುತ್ತದೆ. ಒಳಗಿಂದ ಉಗಿ ಏಳುತ್ತದೆ. ನಾವು ದೂರ ಸರಿದಾಗ ಸೀಳಿನ ಎರಡು ತುಟಿಗಳು ಮತ್ತೆ ಕೂಡಿಕೊಳ್ಳುತ್ತವೆ. ಆಗ ಆಚೆ ಬದಿಯವರು ಈಚೆಗೆ, ಈಚೆಯವರು ಆಚೆಗೆ ಕಾಲಿಡಬಹುದು. ಹಿಂದೊಮ್ಮೆ ಸೇತುವೆ ಕಟ್ಟಿದ್ದರಂತೆ. ಅದು ಮೊದಲು ಸೊಟ್ಟಗಾಗಿ, ಆಮೇಲೆ ಮುರಿದು ಬಿತ್ತಂತೆ. ಯಾಕೆಂದರೆ ಸೀಳು ಬಾಯಿ ಬಿಟ್ಟಾಗಲೆಲ್ಲ ಆಚೆ ಬದಿ ಬಲಕ್ಕೆ ಒಂದಿಷ್ಟು ಜಾರುತ್ತದೆ, ಕೂಡುವಾಗ ವಾಪಸ್ಸು ಬರುವುದು ಜಾರಿದ್ದಕ್ಕಿಂತ ಕಡಿಮೆ. ಹೀಗಾಗಿ ನಮ್ಮಲ್ಲಿ ಎದುರುಮನೆಯವರು ಕಾಯಂ ಅಲ್ಲ. ನಾನು ತೊಟ್ಟಿಲಲ್ಲಿದ್ದಾಗ ಎದುರಿಗಿದ್ದ ಕಮ್ಮಾರರ ಮನೆ ನಾನು ಮೀಸೆ ಬಿಡುವ ಹೊತ್ತಿಗೆ ಕಣ್ಣಳತೆ ದಾಟಿ ಹೋಗಿತ್ತು.

ಇದಕ್ಕೆ ತಕ್ಕ ಒಂದು ಕಟ್ಟಳೆ ಊರಲ್ಲಿತ್ತು. ಸೀಳು ಕೂಡಿದಾಗ ಊಟಕ್ಕೆ ಎದುರುಮನೆಗೇ ಹೋಗಬೇಕು, ಇಲ್ಲವೇ ಅವರನ್ನು ಕರೆಯಬೇಕು. ಪಕ್ಕದ ಎದುರುಮನೆಗೆ ಓರೆಯಾಗಿ ನಡೆದು ಹೋಗುವುದೆಂದರೆ ಎದುರಿನವರ ಮುಖಕ್ಕೆ ಹೊಡೆದ ಹಾಗೆ. ‘ಓರೆ ಹೋದವನ ಮಗ’ ಅನ್ನುವುದು ನಮ್ಮಲ್ಲಿ ಬೈಗುಳ.

ಸೀಳು ನಿಂತಾಗ ನಮ್ಮ ಎದುರಿಗಿದ್ದದ್ದು ಮುದುಕ ಬಾಳಪ್ಪನ ಮನೆ. ಬಾಳಪ್ಪ ಒಳ್ಳೆಯವನೇ, ಆದರೆ ಅವನ ಹುರುಳಿ ಸಾರಿನಲ್ಲಿ ಬಟ್ಟಲಿನ ತಳ ಕಾಣುತ್ತಿತ್ತು. ಉಂಡ ಮೇಲೆ ಚೌಕಾಬಾರ ಆಡಲೇಬೇಕು, ಆಟದಲ್ಲಿ ಅವನು ಮೋಸ ಮಾಡಲೇಬೇಕು. ನಮ್ಮ ಬಾಗಿಲಲ್ಲಿ ನಿಂತು ನೋಡಿದರೆ ಅವನ ಎಡಕ್ಕೆ ಇಂದ್ರವ್ವನ ಮನೆ. ಇಂದ್ರವ್ವನಿಗೆ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಸೀಳಿನ ಅಂಚಿನಲ್ಲಿ ಉಗಿಯ ಮೇಲೆ ಜಾಲರಿ ಹಾಸಿ ಕಡುಬು ಬೇಯಿಸಿ ಮಾರುತ್ತಿದ್ದಳು. ಅವಳ ಎದುರಿಗೆ, ಅಂದರೆ ನಮ್ಮ ಎಡಪಕ್ಕದಲ್ಲಿ, ಲಗಮಣ್ಣ. ಗಡ್ಡೆಯ ಮೇಲೆ ಜಾರದಂತೆ ಅಡಿಗೆ ಮುಳ್ಳು ಬಡಿದ ಮೆಟ್ಟು ಮಾಡುವವನು, ನನ್ನ ಬಾಲ್ಯದ ಗೆಳೆಯ, ಬಾಯಿಗೆ ಬೀಗವಿಲ್ಲದವನು. ಸೀಳು ಕೂಡಿದಾಗಲೆಲ್ಲ ಅವನು ಇಂದ್ರವ್ವನ ಮನೆಯಲ್ಲಿ ಬಿಸಿ ಕಡುಬು ಉಣ್ಣುತ್ತಿದ್ದ. ನಾನು ಗೋಡೆಯ ಈಚೆ ತಳ ಕಾಣುವ ಸಾರು ಕುಡಿಯುತ್ತ ಅವರ ನಗೆ ಕೇಳುತ್ತಿದ್ದೆ.

“ತಡಿ, ಇನ್ನೊಂದ ಮನಿ,” ಎಂದು ಅವ್ವ ಸಮಾಧಾನ ಹೇಳುತ್ತಿದ್ದಳು. ಅವಳ ಸಮಾಧಾನಕ್ಕೆ ಕಾರಣವೂ ಇತ್ತು. ಊರಿನ ಗಂಡಸರೆಲ್ಲರ ಹೆಸರಿಗೆ ಅಣ್ಣ ಸೇರಿಸಿ ಕರೆಯುವ ಇಂದ್ರವ್ವ ನನ್ನನ್ನು ಬರೀ ಗದಿಗೆಪ್ಪ ಅನ್ನುತ್ತಿದ್ದಳು. ಇದನ್ನು ಮೊದಲು ಗಮನಿಸಿದವಳು ಅವ್ವ. ಲಗಮಣ್ಣನಿಗೆ ಹೆಸರಿನಲ್ಲೇ ಅಣ್ಣ ಇದ್ದದ್ದರಿಂದ ಅವನ ವಿಷಯದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ.

ನಾನು ಅವಳ ಮನೆ ಇನ್ನೂ ಬೀದಿಯ ಎಡತುದಿಯಲ್ಲಿದ್ದಾಗಿನಿಂದ ಕಾಯುತ್ತಿದ್ದೆ. ಒಂದು ಮಾತೂ ಆಡಿರಲಿಲ್ಲ. ಗಡ್ಡೆ ತಾನಾಗಿ ತಂದು ಎದುರಿಗೆ ನಿಲ್ಲಿಸುವಾಗ ನಾನೇನು ಹೇಳುವುದಿದೆ ಅನ್ನುವುದು ನನ್ನ ಲೆಕ್ಕ. ಎದುರಿಗೆ ಬಂದ ಮೇಲೆ ಊಟಕ್ಕೆ ಹೋಗುವುದು ಇದ್ದೇ ಇದೆ, ಉಣ್ಣುತ್ತ ಉಣ್ಣುತ್ತ ಮಾತು ಬರುತ್ತದೆ ಎಂದುಕೊಂಡಿದ್ದೆ.

ಅಂಥ ಹೊತ್ತಿನಲ್ಲಿ ದೊಡ್ಡಪ್ಪ ಹತ್ತಿರ ಬಂದ, ಸೀಳು ಬಾಯಿ ಬಿಡಲಿಲ್ಲ. ಊಟಕ್ಕೆ ಹೋದವರು ಕಿರಗುಟ್ಟುವ ಸದ್ದು ಕೇಳಿದ ಕೂಡಲೇ ಎದ್ದು ಹೊರಡುವುದು ನಮ್ಮ ರೂಢಿ. ಸದ್ದೇ ಆಗದಿದ್ದರೆ ಏಳುವುದು ಯಾವಾಗ? ಅತಿಥಿ ತಾನಾಗಿ ಏಳುವ ಹಾಗಿಲ್ಲ, ಮನೆಯವರು ಏಳಿ ಅನ್ನುವ ಹಾಗಿಲ್ಲ. ಊರ ತುಂಬ ಜನ ಎದುರುಮನೆಯ ಪಡಸಾಲೆಯಲ್ಲಿ ಕಾಲು ಮಡಚಿ ಕೂತೇ ಇದ್ದರು. ಬಾಳಪ್ಪ ನನ್ನನ್ನು ಆಟದಲ್ಲಿ ಸೋಲಿಸಿ ಸೋಲಿಸಿ ತಾನೇ ಬೇಸತ್ತು ಗೋಡೆಗೆ ಒರಗಿ ಗೊರಕೆ ಹೊಡೆದ. ಆಚೆಗೆ ಲಗಮಣ್ಣನ ಧ್ವನಿ ಕೇಳಿಸಿತು. ಇಂದ್ರವ್ವ ಅವನ ಕೈಗೆ ಕಸಬರಿಗೆ ಕೊಟ್ಟು, “ಹೆಂಗೂ ಕುಂತೀರಿ ಲಗಮಣ್ಣಾ, ಇಷ್ಟು ಕಸಾ ಹೊಡೀರಿ” ಅಂದಿದ್ದಳಂತೆ. ಅವನು ಹೊಡೆದುಕೊಡುತ್ತಿದ್ದ, ಹಾಡು ಹೇಳುತ್ತ.

ಕೊನೆಗೆ ಹಿರಿಯರು ಸೇರಿ, ಮನೆಯವರು ಮೂರನೆಯ ಸಲ ಆಕಳಿಸಿದರೆ ಅತಿಥಿ ಏಳಬೇಕು ಎಂದು ತೀರ್ಮಾನಿಸಿದರು. ಊರು ಉಸಿರು ಬಿಟ್ಟಿತು.

ಮೊದಮೊದಲು ಅದೊಂದು ಹಬ್ಬವೇ. ಯಾವಾಗ ಬೇಕಾದರೂ ಆಚೆ ಹೋಗಬಹುದು, ಈಚೆ ಬರಬಹುದು. ಹುಡುಗರು ಸೀಳಿನ ಗೆರೆಯ ಮೇಲೆ ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟು ಕುಂಟುತ್ತಿದ್ದರು. ಆದರೆ ಸೀಳು ಬಿಡದಿದ್ದರೆ ಉಗಿಯಿಲ್ಲ. ಮಂಜಿನ ಊರಿಗೆ ಕಟ್ಟಿಗೆ ಎಲ್ಲಿಂದ ಬರಬೇಕು? ನಮ್ಮ ಒಲೆಗಳೆಲ್ಲ ಉಗಿಯ ಒಲೆಗಳು. ಸ್ವಲ್ಪ ದಿನದಲ್ಲೇ ಊರಿಗೆ ಊರೇ ನೆನೆಸಿದ ಹಿಟ್ಟು, ನೆನೆಸಿದ ಕಾಳು ತಿನ್ನತೊಡಗಿತು. ಮುದುಕರು ಚಳಿಗೆ ಹಲ್ಲು ಕಡಿದರು. ಇಂದ್ರವ್ವ ತನ್ನ ಜಾಲರಿಯನ್ನು ಗೋಡೆಗೆ ತೂಗುಹಾಕಿದಳು.

ನನಗೆ ಮಾತ್ರ ಕೈತುಂಬ ಕೆಲಸ. ಎಲ್ಲರಿಗೂ ಕಂಬಳಿ ಬೇಕು. ನೂಲು ಸುತ್ತಿಕೊಡುವ ಅವ್ವನ ಬೆರಳು ಮರಗಟ್ಟಿದ್ದವು. ಒಂದು ದಿನ ಅವಳು ಬಾಗಿಲಲ್ಲಿ ನಿಂತು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು: “ಇಂದ್ರವ್ವಾ, ನೂಲು ಸುತ್ತಾಕ ಬಾರವಾ!”

ಬಾಳಪ್ಪ ಕೂಡಲೇ ಹೊರಗೆ ಬಂದ. “ಸಂಕವ್ವಾ, ಓರೆ ಕರೀತಿಯಲ್ಲ, ನಾ ಏನ ಸತ್ತೀನೇನು?”

“ಉಣ್ಣಾಕ ಓರೆ ಬರಬಾರದು. ದುಡಿಯಾಕ ಬರಬಾರದು ಅಂತ ಯಾವ ಹಿರ್ಯಾ ಹೇಳ್ಯಾನ? ನೀ ಬಂದು ಸುತ್ತತೀಯೇನು ನೂಲು?”

ಬಾಳಪ್ಪ ತನ್ನ ಮೊಣಕಾಲು ತಿಕ್ಕಿಕೊಂಡು ಒಳಗೆ ಹೋದ. ಇಂದ್ರವ್ವ ಓರೆಯಾಗಿ ನಡೆದು ನಮ್ಮ ಮನೆಗೆ ಬಂದಳು.

ನಮ್ಮದು ಕುಣಿ ಮಗ್ಗ. ಗಡ್ಡೆಯಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು. ನನ್ನ ತಲೆ ಅವಳ ಮೊಣಕೈ ಮಟ್ಟಕ್ಕೆ ಬರುತ್ತಿತ್ತು. ಅವಳು ರಾಟೆ ತಿರುಗಿಸುತ್ತ ಮಾತಾಡುತ್ತಿದ್ದಳು. ಕಡುಬಿನ ಹಿಟ್ಟಿನ ಹದ, ಸತ್ತ ಗಂಡನ ಕೋಪ, ಲಗಮಣ್ಣನ ಹಾಡು, ಎಲ್ಲ ಬಂತು. ನಾನು ಹೂಂ ಅನ್ನುತ್ತಿದ್ದೆ. ಅವ್ವ ಏನೋ ನೆಪ ಹೇಳಿ ಹೊರಗೆ ಹೋಗುವಳು, ಬಂದು ನನ್ನ ಮುಖ ನೋಡುವಳು, ಏನೂ ಆಗಿಲ್ಲವೆಂದು ಮತ್ತೊಂದು ನೆಪ ಹೇಳಿ ಹೋಗುವಳು.

ಒಮ್ಮೆ ಲಗಮಣ್ಣ ಬಂದು ಕುಣಿಯ ಅಂಚಿನಲ್ಲಿ ಕೂತ. ಇಂದ್ರವ್ವ ಇನ್ನೂ ಬಂದಿರಲಿಲ್ಲ.

“ಗದಿಗ್ಯಾ, ನಿನಗೊಂದು ಹೇಳಬೇಕು. ನಾ ಆಕೀನ್ನ ಕೇಳಿದ್ದೆ.”

ನನ್ನ ಕೈಯಲ್ಲಿದ್ದ ಲಾಳಿ ಕೆಳಗೆ ಬಿತ್ತು. “ಏನಂದ್ಲು?”

“ನಿಮಗ ನಾ ಬೇಕೋ ಕಡುಬು ಬೇಕೋ ಅಂದ್ಲು.”

“ನೀ ಏನಂದಿ?”

“ಯೋಚನೆ ಮಾಡಾಕ ಸ್ವಲ್ಪ ಹೊತ್ತು ಕೊಡು ಅಂದೆ,” ಎಂದ ಲಗಮಣ್ಣ. ಅವನೇ ನಕ್ಕುಬಿಟ್ಟ. “ಹೊತ್ತು ಕೇಳಿದ್ದ ತಪ್ಪಾತು ನೋಡು. ಅಷ್ಟರಾಗ ಕಸಬರಗಿ ಕೈಗೆ ಬಂತು. ಖರೇ ಹೇಳಬೇಕಂದ್ರ ಗದಿಗ್ಯಾ, ಆಕಿ ಕೇಳಿದ್ದು ಸರಿನ ಐತಿ. ಉಗಿ ನಿಂತಾಗಿಂದ ನನಗ ಆಕೀ ನೆನಪು ಅಷ್ಟ ಬರವಲ್ದು. ಕಡುಬಿನ ನೆನಪು ಬರತೈತಿ.”

ನಾನು ಲಾಳಿ ಎತ್ತಿಕೊಂಡೆ. ಅವನು ನನ್ನ ಭುಜಕ್ಕೆ ಒಂದು ಗುದ್ದು ಕೊಟ್ಟು ಹೋದ. ಆ ಗುದ್ದಿನಲ್ಲಿ, ನೀನಾದರೂ ಬಾಯಿ ಬಿಡು ಅನ್ನುವುದೂ ಇತ್ತು.

ಅವತ್ತು ಬಂದ ಇಂದ್ರವ್ವ ರಾಟೆ ತಿರುಗಿಸಲಿಲ್ಲ. ಸುಮ್ಮನೆ ಕೂತು ಕೇಳಿದಳು: “ಗದಿಗೆಪ್ಪಾ, ನೀವು ಮಾತಾಡೋದು ಯಾವಾಗ?”

“ಸೀಳು ಸುರು ಆಗ್ಲಿ,” ಅಂದೆ.

“ಸುರು ಆದ್ರ?”

“ನಿಮ್ಮ ಮನಿ ನಮ್ಮ ಎದುರು ಬರತೈತಿ.”

“ಬಂದ ಮ್ಯಾಲ?”

ನಾನು ಮಗ್ಗದ ಹಲಗೆಯನ್ನು ಎರಡು ಸಲ ಜೋರಾಗಿ ಬಡಿದೆ. ಬಡಿಯಬೇಕಾದ ಎಳೆಯೇ ಅಲ್ಲಿರಲಿಲ್ಲ.

“ಬಂದದ್ದು ಅಲ್ಲೇ ನಿಂದ್ರತೈತೇನು?” ಎಂದಳು ಇಂದ್ರವ್ವ. “ಹಂಗ ಮುಂದ ಸರೀತೈತಲ್ಲ? ನಿಮ್ಮ ಎದುರು ಬಂದ ಮನಿ ನಿಮ್ಮನ್ನ ದಾಟಿ ಹೋಗೂದೂ ಐತಿ. ಅದಕ್ಕೇನ ಮಾಡ್ತೀರಿ?”

ಇಷ್ಟು ಕಾಲ ಕಾದವನಿಗೆ ಇದೊಂದು ಹೊಳೆದಿರಲಿಲ್ಲ. ಕಮ್ಮಾರರ ಮನೆ ಹೋದದ್ದು ಕಂಡಿದ್ದೆ, ಬಾಳಪ್ಪನದೂ ಹೋಗುತ್ತದೆ ಎಂದು ಗೊತ್ತಿತ್ತು. ಇಂದ್ರವ್ವನ ಮನೆ ಮಾತ್ರ ಬಂದು ನಿಲ್ಲುತ್ತದೆ ಎಂದೇ ನಂಬಿದ್ದೆ. ಆಗಲೇ ಕುಣಿಯೊಳಗೆ ನನ್ನ ಅಂಗಾಲಿಗೆ ಏನೋ ಜುಮ್ಮೆಂದಿತು. ಜೇನುಗೂಡಿನ ಮೇಲೆ ಕಾಲಿಟ್ಟ ಹಾಗೆ. ಇಂದ್ರವ್ವನೂ ನೆಲಕ್ಕೆ ಅಂಗೈ ಊರಿ ನೋಡಿದಳು. ರಾಟೆ ತಾನಾಗಿ ನಡುಗುತ್ತಿತ್ತು.

ಹೊರಗೆ ಡಂಗುರ ಕೇಳಿಸಿತು. ಬಾಳಪ್ಪನ ಧ್ವನಿ ಅದಕ್ಕಿಂತ ದೊಡ್ಡದಾಗಿತ್ತು: “ನಿಮ್ಮ ನಿಮ್ಮ ಬದಿಗೆ ನಡೀರೋ! ನಾ ಸಣ್ಣಾಂವ ಇದ್ದಾಗ ಹಿಂಗ ಆಗಿತ್ತು. ಕೂಡಿಟ್ಟದ್ದೆಲ್ಲಾ ಒಮ್ಮೆಲೆ ಬಿಡತೈತಿ! ಹುಡುಗೂರನ್ನ ಗೆರಿ ಮ್ಯಾಲಿಂದ ಎತ್ತಿಕೊಳ್ರೋ!”

ಬೀದಿಯಲ್ಲಿ ಜನ ಆಚೆಗೂ ಈಚೆಗೂ ಓಡುತ್ತಿದ್ದರು. ಯಾರದೋ ಮಗು ಯಾರದೋ ಕಂಕುಳಲ್ಲಿ, ಯಾರದೋ ತಾಟು ಯಾರದೋ ಕೈಯಲ್ಲಿ. ಇಂದ್ರವ್ವ ಎದ್ದು ಹೊರಟಳು. ನಾನು ಕುಣಿಯಿಂದ ಹೊರಗೆ ಬಂದು ಅವಳ ಹಿಂದೆ ಓಡಿದೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ, ಆದರೆ ಹೇಳದೆ ಕಳಿಸಬಾರದು ಅನ್ನುವುದು ಗೊತ್ತಿತ್ತು. ಅವಳು ಸೀಳಿನ ಗೆರೆಯ ಹತ್ತಿರ ಹೋಗಿ ಬಲಗಾಲನ್ನು ಆಚೆ ಬದಿಗೆ ಇಟ್ಟಳು.

“ಇಂದ್ರವ್ವಾ, ನಿಂದ್ರು!” ಅಂದೆ. ಮರ್ಯಾದೆಯ ಮಾತು ಮರೆತುಹೋಗಿತ್ತು.

ಅವಳು ತಿರುಗಿದಳು, ಅದೇ ಹೊತ್ತಿಗೆ ಗಡ್ಡೆ ಸಿಡಿಯಿತು. ಕಿವಿಗೆ ಬಡಿದ ಸದ್ದಲ್ಲ ಅದು, ಎಲುಬಿಗೆ ಬಡಿದ ಸದ್ದು. ಆಚೆ ಬದಿ ಜಾರತೊಡಗಿತು. ಇಂದ್ರವ್ವನ ಒಂದು ಕಾಲು ಅದರ ಜೊತೆ ಹೊರಟಿತು, ಇನ್ನೊಂದು ಈಚೆ ಉಳಿಯಿತು. ಲಗಮಣ್ಣ ಮಾಡಿಕೊಟ್ಟ ಮೆಟ್ಟಿನ ಮುಳ್ಳು ಆಚೆಯ ಗಡ್ಡೆಯನ್ನು ಗಟ್ಟಿಯಾಗಿ ಕಚ್ಚಿಕೊಂಡಿತ್ತು. ನಡುವೆ ಕಪ್ಪಗೆ ಬಾಯಿ ತೆರೆಯುತ್ತಿತ್ತು. ನಾನು ಅವಳ ಎರಡೂ ತೋಳು ಹಿಡಿದು ಹಿಂದಕ್ಕೆ ಬಿದ್ದೆ. ನಾನು ಹಾರಲಿಲ್ಲ, ಎಳೆಯಲೂ ಇಲ್ಲ, ನಿಜ ಹೇಳಬೇಕೆಂದರೆ ಬಿದ್ದದ್ದೇ. ಮೆಟ್ಟಿನ ಬಾರು ಹರಿಯಿತು. ಅವಳು ನನ್ನ ಮೇಲೆ ಬಂದು ಬಿದ್ದಳು. ಮೆಟ್ಟು ಆಚೆ ಬದಿಯಲ್ಲಿ ನೆಟ್ಟಗೆ ನಿಂತುಕೊಂಡು, ಯಾರೋ ಕಾಣದವರು ತೊಟ್ಟುಕೊಂಡ ಹಾಗೆ, ಬಲಕ್ಕೆ ಹೊರಟುಹೋಯಿತು.

ಅದರ ಹಿಂದೆ ಮನೆಗಳು ಹೊರಟವು. ಬಿದ್ದಲ್ಲಿಂದಲೇ ನೋಡಿದೆವು. ಮದುವೆಯ ದಿಬ್ಬಣ ಹೋದ ಹಾಗೆ ಒಂದರ ಹಿಂದೆ ಒಂದು. ಬಾಳಪ್ಪ ತನ್ನ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. “ಗದಿಗೆಪ್ಪಾ, ಆಟ ಇನ್ನೂ ನಂದ ಮ್ಯಾಲೈತಿ, ನೆನಪಿಟ್ಕೋ!” ಎಂದು ಕೂಗುತ್ತ ಹೋದ. ಅವನ ಬೆನ್ನಿಗೆ ಇಂದ್ರವ್ವನ ಮನೆ ಬಂತು. ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು, ಗೋಡೆಯ ಮೇಲೆ ಜಾಲರಿ ಅಲುಗುತ್ತಿತ್ತು. ಅದು ನಮ್ಮ ಮನೆಯ ಎದುರಿಗೆ, ಬಾಗಿಲಿಗೆ ಬಾಗಿಲು ಸರಿಯಾಗಿ, ಬಂತು. ನಾನು ಯೌವನವಿಡೀ ಕಾದದ್ದು ಒಂದು ಉಸಿರಿನಷ್ಟು ಹೊತ್ತು ಇತ್ತು. ಆಮೇಲೆ ಅದೂ ದಾಟಿ, ನಮ್ಮ ಬೀದಿಯ ಕೊನೆಯ ಮನೆಯನ್ನೂ ದಾಟಿ, ಬರೀ ಗಡ್ಡೆಯ ಬಯಲಿನ ಎದುರಿಗೆ ಹೋಗಿ ನಿಂತಿತು.

ಮರುಗಳಿಗೆ ಸೀಳಿನಿಂದ ಉಗಿ ಎದ್ದಿತು. ಅಷ್ಟು ಉಗಿಯನ್ನು ಯಾರೂ ಕಂಡಿರಲಿಲ್ಲ. ಅದು ದೊಡ್ಡಪ್ಪನ ಪಟ್ಟೆಗಳನ್ನು ಮುಚ್ಚುವಷ್ಟು ಮೇಲೆ ಹೋಗಿ, ಹಿಟ್ಟಿನಂಥ ಮಂಜಾಗಿ ಎಲ್ಲರ ತಲೆಯ ಮೇಲೆ ಸುರಿಯಿತು. ಎರಡೂ ಬದಿಯಿಂದ ಜನ ಹೆಸರು ಹಿಡಿದು ಕೂಗಿಕೊಂಡರು. ಎಲ್ಲರೂ ಓಗೊಟ್ಟರು. ಯಾರಿಗೂ ಏನೂ ಆಗಿಲ್ಲವೆಂದು ಗೊತ್ತಾದ ಮೇಲೆ ನಗು ಶುರುವಾಯಿತು. ನಮ್ಮ ಎದುರಿಗೆ ಈಗ ಬಂದು ನಿಂತಿದ್ದ ಮನೆಯವರನ್ನು ನಾನು ಹಿಂದೆಂದೂ ಹತ್ತಿರದಿಂದ ನೋಡಿರಲಿಲ್ಲ. ಅವರು ನಾಚಿಕೊಂಡು ಕೈಮುಗಿದರು. ಅವ್ವ ಬಾಗಿಲಿಂದಲೇ ಮುಗಿದಳು.

ಇಂದ್ರವ್ವ ಒಂದು ಕಾಲಲ್ಲಿ ಮೆಟ್ಟು, ಇನ್ನೊಂದರಲ್ಲಿ ಏನೂ ಇಲ್ಲದೆ ನಿಂತು ದೂರದ ತನ್ನ ದೀಪ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ನನ್ನ ಹೊದಿಕೆಯನ್ನು ತೆಗೆದು ಅವಳ ಬರಿಗಾಲ ಕೆಳಗೆ ಹಾಸಿದೆ.

“ನಿಮ್ಮ ಮನಿ ಎಲ್ಲಿ ಹೋಗಿ ನಿಂತರೂ ನಾ ಬರ್ತೀನಿ,” ಅಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. “ಎದುರು ಇರಲಿ, ಬಿಡಲಿ. ಊರು ಏನ ಬೇಕಾದ್ದು ಅನ್ನಲಿ. ಓರೆ ಬರ್ತೀನಿ.”

ಅವಳು ಕಣ್ಣು ಒರೆಸಿಕೊಂಡಳು. “ಉಣ್ಣಾಕೋ, ದುಡಿಯಾಕೋ?”

“ಇರಾಕ.”

ಮಂಜಿನ ಹಿಟ್ಟು ಅವಳ ರೆಪ್ಪೆಯ ಮೇಲೆ ಕೂತು ಕರಗಿತು. ಆಮೇಲೆ, “ಮೊದಲ ಸೀಳು ಕೂಡಲಿ. ಮನಿ ಗ್ವಾಡಿ ನೆಟ್ಟಗ ಅದಾವಿಲ್ಲೋ ನೋಡೂಣು,” ಅಂದಳು. ಅದು ಹೂಂ ಅಂದದ್ದೋ ಊಹೂಂ ಅಂದದ್ದೋ ನನಗೆ ತಿಳಿಯಲಿಲ್ಲ. ಕೇಳಲು ಹೋಗಬೇಡ ಎಂದು ಅವ್ವ ಹುಬ್ಬಿನಲ್ಲೇ ಹೇಳಿದಳು.

ಸೀಳು ಕೂಡುವವರೆಗೆ ಇಂದ್ರವ್ವ ನಮ್ಮ ಮನೆಯಲ್ಲೇ ಉಳಿದಳು. ಅವ್ವನನ್ನು ದೊಡ್ಡವ್ವಾ ಅನ್ನುತ್ತ ಅವಳ ಮಗ್ಗುಲಲ್ಲಿ ಮಲಗಿದಳು. ಇಬ್ಬರೂ ನನಗೆ ಕೇಳದಂತೆ ಪಿಸುಗುಟ್ಟಿ ನಗುತ್ತಿದ್ದರು. ಲಗಮಣ್ಣ ಹೊಸ ಮೆಟ್ಟು ಮಾಡಿಕೊಂಡು ಬಂದ. “ಇದರ ಬಾರು ಹರಿಯಂಗಿಲ್ಲ ನೋಡು,” ಅಂದ. “ಅವತ್ತ ಹರೀಲಿಲ್ಲಂದ್ರ ನಾ ಈಗ ಇಲ್ಲಿ ಇರತಿದ್ದಿಲ್ಲ, ಹರಿಯುವಂಥದ್ದ ಇರಲಿ,” ಅಂದಳು ಅವಳು.

ಸೀಳು ಕೂಡಿದ ಕೂಡಲೇ ಹೊರಟೆವು. ನಾನು ಮಗ್ಗದ ತೊಲೆಗಳನ್ನು ಬೆನ್ನಿಗೆ ಕಟ್ಟಿಕೊಂಡಿದ್ದೆ. ಬೇಡವೆಂದು ಅವಳು ಹೇಳಿರಲಿಲ್ಲ, ನನಗೆ ಅಷ್ಟೇ ಸಾಕಾಗಿತ್ತು. ಅವ್ವ ಎಲ್ಲರಿಗಿಂತ ಮುಂದೆ, ತಲೆಯ ಮೇಲೆ ನೂಲಿನ ಗಂಟು. ಬೀದಿಯವರೆಲ್ಲ ನೋಡುವಂತೆ ಅಷ್ಟು ಉದ್ದಕ್ಕೆ ಓರೆ ನಡೆಯುವುದು ಹೇಗೆಂದು ನನಗೆ ಬೆವರು ಬಿಟ್ಟಿತ್ತು. ಹೊರಗೆ ಬಂದು ನೋಡಿದರೆ ನಮ್ಮನ್ನು ನೋಡಲು ಯಾರಿಗೂ ಪುರಸೊತ್ತಿರಲಿಲ್ಲ. ಊರಿಗೆ ಊರೇ ಓರೆ ನಡೆಯುತ್ತಿತ್ತು. ಯಾರಿಗೂ ಎದುರಿಗೆ ತಮ್ಮವರಿರಲಿಲ್ಲ. ಹಳೆಯ ಊಟದ ಗೆಳೆಯರನ್ನು ಹುಡುಕುತ್ತ ಎಲ್ಲರೂ ಅತ್ತಿಂದಿತ್ತ, ಇತ್ತಿಂದತ್ತ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ ಹೋಗುತ್ತಿದ್ದರು. ಕಟ್ಟಳೆಯನ್ನು ತೆಗೆದುಹಾಕಿದೆವೆಂದು ಯಾವ ಹಿರಿಯರೂ ಹೇಳಲಿಲ್ಲ. ಹಿರಿಯರೂ ಓರೆಯೇ ನಡೆಯುತ್ತಿದ್ದರು.

ಇಂದ್ರವ್ವನ ಮನೆಯ ಗೋಡೆಗಳು ನೆಟ್ಟಗಿದ್ದವು. ಎದುರಿಗೆ ಬರೀ ಬಯಲು, ನೀಲಿ ಗಡ್ಡೆ, ಅದರ ಮೇಲೆ ದೊಡ್ಡಪ್ಪನ ಬೆಳಕು. ಅವಳು ಮನೆಯನ್ನೆಲ್ಲ ಒಂದು ಸುತ್ತು ಬಂದು, ಅಡುಗೆಮನೆಯ ಮೂಲೆಯನ್ನು ಕಾಲಿನಿಂದ ತೋರಿಸಿ, “ಕುಣಿ ಇಲ್ಲಿ ತೋಡ್ರಿ. ಹೊಸ್ತಿಲದಾಗ ಬ್ಯಾಡ, ಗಿರಾಕಿ ಬೀಳ್ತಾರ,” ಅಂದಳು. ನಾನು ಕೂಡಲೇ ತೋಡಲು ಶುರುಮಾಡಿದೆ. ಮತ್ತೆ ಸೀಳು ಬಿಡುವ ಹೊತ್ತಿಗೆ ಮೊಣಕಾಲುದ್ದ ತೋಡಿದ್ದೆ. ಅವ್ವ ವಾಪಸ್ಸು ಹೋಗುವ ಮಾತೇ ಎತ್ತಲಿಲ್ಲ.

ಉಗಿ ಎದ್ದಿತು. ಇಂದ್ರವ್ವ ಜಾಲರಿ ಹಾಸಿ, ಎಷ್ಟೋ ಕಾಲದ ಮೇಲೆ ಮೊದಲ ಕಡುಬು ಬೇಯಿಸಿದಳು. ಪಕ್ಕದ ಬಾಳಪ್ಪ ವಾಸನೆ ಹಿಡಿದು ಬಟ್ಟಲು ಸಮೇತ ಬಂದು ಕೂತ. ಮೊದಲ ಕಡುಬು ಅವ್ವನ ತಾಟಿಗೆ ಬಿತ್ತು. ಅವ್ವ ಊದಿ, ಮುರಿದು, ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದಳು. ನಾವೆಲ್ಲ ಅವಳ ಬಾಯಿಯನ್ನೇ ನೋಡುತ್ತಿದ್ದೆವು.

“ಉಪ್ಪು ಕಡಿಮಿ,” ಅಂದಳು.

ಬಾಳಪ್ಪನ ಬಟ್ಟಲು ಅರ್ಧ ದಾರಿಯಲ್ಲಿ ನಿಂತಿತು. ನಾನು ಕುಣಿಯೊಳಗೆ ಎತ್ತಿದ ಗುದ್ದಲಿಯನ್ನು ಹಾಗೇ ಹಿಡಿದಿದ್ದೆ. ಇಂದ್ರವ್ವ ಸೆರಗಿನಿಂದ ಕೈ ಒರೆಸಿಕೊಂಡು ಸೊಂಟದ ಮೇಲೆ ಇಟ್ಟುಕೊಂಡಳು.

“ಹಂಗಾದ್ರ ನಾಳಿಂದ ಹಿಟ್ಟು ನೀವ ಕಲಸ್ರಿ, ಅತ್ತೀ.”

ಗುದ್ದಲಿ ನನ್ನ ಕಾಲ ಮೇಲೆ ಬಿತ್ತು. ಅವ್ವ ನನ್ನ ಕಡೆ ತಿರುಗಿಯೂ ನೋಡದೆ ತಾಟನ್ನು ಮುಂದೆ ಹಿಡಿದಳು.

“ಕಲಸೂಣಂತ. ಈಗ ಇನ್ನೊಂದ ಹಾಕು.”